ವಿಶ್ವವಿದ್ಯಾಲಯದ ಲ್ಯಾಬಿನಲ್ಲಿ ಪಿಯುಸಿ ಮಕ್ಕಳು: ಕೊಡಗಿನವರಿಗೊಂದು ಸುರಕ್ಷತಾ ಮಾರ್ಗದರ್ಶಿ

ಹುಡುಗನ ಬಲ ಮಣಿಕಟ್ಟಿನಲ್ಲಿ ತಲಕಾವೇರಿಯಿಂದ ತಂದ ಕೆಂಪು ದಾರ ಇತ್ತು. ಮಣ್ಣಿನ ಪರೀಕ್ಷೆ ಮಾಡುವಾಗ ಆ ದಾರದ ಮೇಲೆ ಆಸಿಡ್ ಸಿಡಿಯಿತು. ನಲ್ಲಿ ಕೆಳಗೆ ಕೈಯನ್ನು ಒಮ್ಮೆ ಹಿಡಿದ, ಮತ್ತೆ ಗ್ಲೌಸ್ ಹಾಕಿಕೊಂಡ, ಸುಮ್ನೆ ಕೆಲಸ ಮುಂದುವರಿಸಿದ. ದಾರ ಹತ್ತಿಯದು, ಆಸಿಡ್ ಹೀರಿಕೊಂಡಿತ್ತು. ಮಧ್ಯಾಹ್ನ ಊಟಕ್ಕೆ ಗ್ಲೌಸ್ ತೆಗೆದಾಗ ಮಣಿಕಟ್ಟಿನ ಸುತ್ತ ಬಳೆ ತೊಟ್ಟ ಹಾಗೆ ಕಂದು ಗಾಯ. 'ಯಾಕೋ ಹೇಳಲಿಲ್ಲ?' ಅಂದೆ. 'ಮೇಡಂ, ನಾಳೆಯಿಂದ ಬರಬೇಡ ಅಂದುಬಿಡ್ತೀರೇನೋ ಅಂತ ಹೆದರಿಕೆ ಆಯ್ತು' ಅಂದ.

ನಾನು ಮಣ್ಣು ಮತ್ತು ಎಲೆ ಪರೀಕ್ಷೆಯ ಲ್ಯಾಬುಗಳಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವಳು. ಪ್ರಾಜೆಕ್ಟ್‌ಗೆಂದು ಬರುವ ಹದಿನಾರು ಹದಿನೇಳರ ಮಕ್ಕಳನ್ನು ತುಂಬ ನೋಡಿದ್ದೇನೆ. ಇವರು ಉಡಾಫೆಯವರೆಂದು ದೊಡ್ಡವರು ದೂರುತ್ತಾರೆ. ನನಗೆ ಹಾಗೆ ಅನಿಸಿಲ್ಲ. ಇವರಿಗೆ ಮುಜುಗರ ಜಾಸ್ತಿ, ಅಷ್ಟೆ. ಗೊತ್ತಿಲ್ಲ ಅನ್ನಲು ಮುಜುಗರ, ಬಿತ್ತು ಅನ್ನಲು ಮುಜುಗರ, ಎರಡನೇ ಸಲ ಕೇಳಲು ಮುಜುಗರ. ಈ ಬರಹದಲ್ಲಿ ನಿಯಮಗಳು ಬೇಕಾದಷ್ಟಿವೆ. ಅರ್ಧದಷ್ಟು ಈ ಮುಜುಗರದ ಔಷಧಿಗಳೇ.

ಹೋಗುವ ಮುಂಚೆ

ನಮ್ಮ ಜಿಲ್ಲೆ ಚಿಕ್ಕದಾದರೂ ಲ್ಯಾಬುಗಳಿಗೆ ಬರವಿಲ್ಲ. ಪೊನ್ನಂಪೇಟೆಯಲ್ಲಿ ಅರಣ್ಯ ಕಾಲೇಜಿದೆ, ಚೆಟ್ಟಳ್ಳಿಯಲ್ಲಿ ಕಾಫಿ ಸಂಶೋಧನಾ ಉಪಕೇಂದ್ರವಿದೆ, ಅಪ್ಪಂಗಳದಲ್ಲಿ ಏಲಕ್ಕಿ ಸಂಶೋಧನೆ ನಡೆಯುತ್ತದೆ, ಮಡಿಕೇರಿಯಲ್ಲಿ ಮೆಡಿಕಲ್ ಕಾಲೇಜು ಇದೆ. ಮೈಸೂರು, ಮಂಗಳೂರಿಗೆ ಹೋಗುವವರೂ ಇದ್ದಾರೆ. ಎಲ್ಲಿಗೇ ಹೋದರೂ ಮೊದಲ ಪ್ರಶ್ನೆ ಒಂದೇ: ನಾನು ಅಲ್ಲಿರುವಷ್ಟು ಹೊತ್ತೂ ನನ್ನ ಜೊತೆ ಇರುವವರು ಯಾರು?

'ಪ್ರೊಫೆಸರ್ ಇದ್ದಾರೆ' ಅನ್ನುವುದು ಉತ್ತರವಲ್ಲ. ಪ್ರೊಫೆಸರ್ ಮೀಟಿಂಗ್‌ನಲ್ಲಿರುತ್ತಾರೆ. ನಿಮ್ಮ ಕೈ ಅಳತೆಯಲ್ಲಿ ಇರುವ ಒಬ್ಬ ಪಿಎಚ್‌ಡಿ ಅಕ್ಕನ ಅಥವಾ ಟೆಕ್ನಿಕಲ್ ಅಸಿಸ್ಟೆಂಟ್ ಅಣ್ಣನ ಹೆಸರು ಬೇಕು. ಅವರು ರಜೆ ಹಾಕಿದ ದಿನ ಯಾರು ಅನ್ನುವುದೂ ಗೊತ್ತಿರಬೇಕು. ಯಾರೂ ಇಲ್ಲವೆಂದರೆ ಆ ದಿನ ನೀವು ಲೈಬ್ರರಿಗೆ ಹೋಗಿ.

ಒಂದು ಕಾಗದದ ಮೇಲೆ ಏನು ಮಾಡುತ್ತೀರಿ, ಯಾವ ರಾಸಾಯನಿಕ ಮುಟ್ಟುತ್ತೀರಿ, ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ ಅಂತ ಬರೆದು ಅಪ್ಪ ಅಮ್ಮನ ಸಹಿ, ಕಾಲೇಜಿನ ಸಹಿ, ಲ್ಯಾಬಿನವರ ಸಹಿ ಹಾಕಿಸಿಕೊಳ್ಳಿ. ಅಲರ್ಜಿ, ಉಬ್ಬಸ, ಮೂರ್ಛೆ ರೋಗ ಇದ್ದರೆ ಅದರಲ್ಲೇ ಬರೆಯಿರಿ. ಈ ಕಾಗದ ಕೊಟ್ಟರೆ 'ಅಯ್ಯೋ, ಇಷ್ಟೆಲ್ಲ ಯಾಕೆ' ಅನ್ನುವ ಲ್ಯಾಬ್ ಬಗ್ಗೆ ನನಗೆ ಸ್ವಲ್ಪ ಅನುಮಾನ.

ಹದಿನೆಂಟು ತುಂಬದವರು ಮುಟ್ಟಬಾರದ ಕೆಲವಿವೆ. ವಿಕಿರಣದ ವಿಷಯದಲ್ಲಿ ಕಾನೂನೇ ಇದೆ. ಪರಮಾಣು ಶಕ್ತಿಯ 2004ರ ವಿಕಿರಣ ರಕ್ಷಣಾ ನಿಯಮಗಳ ಪ್ರಕಾರ 18 ವರ್ಷ ಆಗದವರನ್ನು ವಿಕಿರಣದ ಕೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲ, 16 ಆಗದವರನ್ನು ತರಬೇತಿಗೂ ತೆಗೆದುಕೊಳ್ಳುವಂತಿಲ್ಲ. ಉಳಿದದ್ದು ನನ್ನ ಪಟ್ಟಿ: ಹೈಡ್ರೋಫ್ಲೋರಿಕ್ ಆಸಿಡ್, ಪರ್ಕ್ಲೋರಿಕ್ ಆಸಿಡ್, ಸಯನೈಡ್, ಗಾಳಿ ತಗುಲಿದರೆ ಹೊತ್ತಿಕೊಳ್ಳುವ ಲೋಹ ಸಂಯುಕ್ತಗಳು, ಪಾದರಸದ ಸಂಯುಕ್ತಗಳು, ಹೈಡ್ರೋಜನ್ ಸಿಲಿಂಡರ್, ರೋಗಿಗಳ ರಕ್ತ. ಪರ್ಕ್ಲೋರಿಕ್ ನಮ್ಮ ಕಡೆ ನಿಜವಾಗಿಯೂ ಎದುರಾಗುತ್ತದೆ. ಕಾಫಿ ಎಲೆಯಲ್ಲಿ ಪೊಟ್ಯಾಶ್, ರಂಜಕ ಎಷ್ಟಿದೆ ಎಂದು ನೋಡಲು ಎಲೆಪುಡಿಯನ್ನು ನೈಟ್ರಿಕ್ ಮತ್ತು ಪರ್ಕ್ಲೋರಿಕ್ ಬೆರೆಸಿ ಕಾಯಿಸುತ್ತಾರೆ. ನೈಟ್ರಿಕ್ ಮುಗಿದು ಎಲೆಪುಡಿ ಉಳಿದರೆ ಅದು ಸಿಡಿಯಬಹುದು. ಆ ಹಂತ ಲ್ಯಾಬಿನವರೇ ಮಾಡಲಿ. ತಣ್ಣಗಾಗಿ ಸೋಸಿದ ದ್ರಾವಣ ನಿಮ್ಮ ಕೈಗೆ ಬರಲಿ.

ಮೈಮೇಲೆ ಏನಿರಬೇಕು, ಏನಿರಬಾರದು

ಬೇರೆ ಊರಿನ ಮಾರ್ಗದರ್ಶಿಗಳಲ್ಲಿ ಇದು ಎರಡು ಸಾಲು. ಕೊಡಗಿನಲ್ಲಿ ಎರಡು ಸಾಲಿಗೆ ಮುಗಿಯುವುದಿಲ್ಲ, ಕಾರಣ ಮಳೆ ಮತ್ತು ಚಳಿ.

ಕಕ್ಕಡದ ಮಳೆಯಲ್ಲಿ ಶೂ ಹಾಕಿಕೊಂಡು ಬಸ್ ಹತ್ತುವವರು ಯಾರು? ಮಕ್ಕಳು ರಬ್ಬರ್ ಚಪ್ಪಲಿಯಲ್ಲಿ ಬರುತ್ತಾರೆ. ಹಾಗೇ ಲ್ಯಾಬಿಗೂ ನುಗ್ಗುತ್ತಾರೆ. ಬಿದ್ದ ಬಾಟಲಿ ಯಾವಾಗಲೂ ಪಾದದ ಹತ್ತಿರವೇ ಒಡೆಯುವುದು. ಆದ್ದರಿಂದ ಒಂದು ಜೊತೆ ಪೂರ್ತಿ ಮುಚ್ಚಿದ ಶೂ, ಎರಡು ಜೊತೆ ಒಣ ಸಾಕ್ಸ್ ಲ್ಯಾಬಿನ ಹೊರಗಿನ ಕಪಾಟಿನಲ್ಲೇ ಇರಲಿ. ಬಟ್ಟೆ ಶೂ ಆಗದು, ಅದು ಚೆಲ್ಲಿದ್ದನ್ನೆಲ್ಲ ಕುಡಿಯುತ್ತದೆ. ಕೊಡೆ, ರೇನ್‌ಕೋಟ್ ಹೊರಗೇ ಬಿಡಿ. ನೀರು ತೊಟ್ಟಿಕ್ಕುವ ಕೊಡೆ ಟೈಲ್ಸ್ ಮೇಲೆ ಎಷ್ಟು ಜನರನ್ನು ಜಾರಿಸಿದೆಯೋ!

ಚಳಿಯ ಮಾತು ಇನ್ನೂ ಗಂಭೀರ. ನೈಲಾನ್ ಜಾಕೆಟ್, ಫ್ಲೀಸ್, ಪಾಲಿಯೆಸ್ಟರ್ ಸ್ವೆಟರ್ ಬೆಂಕಿ ಹತ್ತಿದರೆ ಕರಗಿ ಚರ್ಮಕ್ಕೆ ಅಂಟುತ್ತವೆ. 2008ರ ಡಿಸೆಂಬರ್ 29ರಂದು ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲ್ಯಾಬಿನಲ್ಲಿ ಶೆರಿ ಸಂಗ್ಜಿ ಎಂಬ 23ರ ಹುಡುಗಿ ಗಾಳಿಗೆ ಹೊತ್ತಿಕೊಳ್ಳುವ ದ್ರವವನ್ನು ಸಿರಿಂಜಿನಲ್ಲಿ ಎಳೆಯುತ್ತಿದ್ದಳು. ಸಿರಿಂಜಿನ ಹಿಡಿ ಕಳಚಿ ಬಂತು. ಮೈಮೇಲೆ ಸಿಂಥೆಟಿಕ್ ಸ್ವೆಟರ್ ಇತ್ತು, ಲ್ಯಾಬ್ ಕೋಟ್ ಇರಲಿಲ್ಲ. ಹದಿನೆಂಟು ದಿನಗಳ ನಂತರ ತೀರಿಕೊಂಡಳು. ಮಡಿಕೇರಿಯ ಡಿಸೆಂಬರ್ ಬೆಳಿಗ್ಗೆ ಎಷ್ಟೇ ಕೊರೆಯಲಿ, ಒಳಗೆ ದಪ್ಪ ಹತ್ತಿ ಅಥವಾ ಉಣ್ಣೆ, ಮೇಲೆ ಮೊಣಕಾಲಿನವರೆಗೆ ಬರುವ ಹತ್ತಿಯ ಕೋಟ್, ಗುಂಡಿ ಹಾಕಿದ್ದು. ಜಾಕೆಟ್ ಹೊರಗೆ.

ಕೂದಲು ಕಟ್ಟಿ, ಕೋಟಿನ ಒಳಗೆ ಸೇರಿಸಿ. 2011ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಒಬ್ಬ ವಿದ್ಯಾರ್ಥಿನಿ ರಾತ್ರಿ ಒಬ್ಬಳೇ ಲೇತ್ ಯಂತ್ರದಲ್ಲಿ ಕೆಲಸ ಮಾಡುವಾಗ ಕೂದಲು ಸಿಕ್ಕಿಕೊಂಡು ಸತ್ತಳು. ದುಪಟ್ಟಾ ಬೇಡ, ಉಂಗುರ ಬೇಡ, ಬಳೆ ಬೇಡ. ಕೈಯ ದಾರ? ದೇವರ ದಾರ ಕತ್ತರಿಸಿ ಅಂತ ನಾನು ಯಾರಿಗೂ ಹೇಳಲಾರೆ. ಕಾಲಿಗೆ ಕಟ್ಟಿಕೊಳ್ಳಿ ಅಂದರೆ ಅಜ್ಜಿಯಂದಿರಿಗೆ ಕೋಪ ಬರುತ್ತದೆ. ತೋಳಿನ ಮೇಲ್ಭಾಗಕ್ಕೆ ಕಟ್ಟಿ, ಕೋಟಿನ ಒಳಗಿರುತ್ತದೆ. ಇದಕ್ಕೆ ಈವರೆಗೆ ಯಾವ ಅಜ್ಜಿಯೂ ಬೇಡ ಅಂದಿಲ್ಲ.

ಕನ್ನಡಕ ಇದ್ದರೂ ಅದರ ಮೇಲೆ ಗಾಗಲ್ಸ್ ಬೇಕು. ನೋಟದ ಕನ್ನಡಕದ ಪಕ್ಕ ಖಾಲಿ. ಆಸಿಡ್ ಪಕ್ಕದಿಂದಲೂ ಬರುತ್ತದೆ. ಮಳೆಗಾಲದಲ್ಲಿ ಗಾಗಲ್ಸ್ ಮಂಜು ಹಿಡಿಯುತ್ತದೆ ಅಂತ ಹಣೆಗೆ ಏರಿಸುತ್ತಾರೆ. ಮಂಜು ಹಿಡಿದರೆ ಮೇಜು ಬಿಟ್ಟು ಹೊರಗೆ ಬನ್ನಿ, ಒರೆಸಿ, ಹಾಕಿಕೊಂಡು ಮತ್ತೆ ಹೋಗಿ.

ಇನ್ನು ಗ್ಲೌಸ್. 1996ರಲ್ಲಿ ಡಾರ್ಟ್‌ಮತ್ ಕಾಲೇಜಿನ ಕ್ಯಾರೆನ್ ವೆಟ್ಟರ್‌ಹಾನ್ ಎಂಬ ಪ್ರೊಫೆಸರ್ ಕೈಮೇಲೆ ಡೈಮಿಥೈಲ್ ಮರ್ಕ್ಯುರಿ ಎಂಬ ಪಾದರಸದ ಸಂಯುಕ್ತದ ಕೆಲವೇ ಹನಿ ಬಿದ್ದವು. ಲೇಟೆಕ್ಸ್ ಗ್ಲೌಸ್ ಇತ್ತು. ವಿಷ ಅದನ್ನು ದಾಟಿ ಒಳಗೆ ಹೋಯಿತು, ಮರುವರ್ಷ ಅವರು ಸತ್ತರು. ಯಾವ ರಾಸಾಯನಿಕಕ್ಕೆ ಯಾವ ಗ್ಲೌಸ್ ಅಂತ ಪ್ರತಿ ಸಲ ಕೇಳಿ. ತೆಳು ನೈಟ್ರೈಲ್ ಗ್ಲೌಸ್ ಗಟ್ಟಿ ಸಲ್ಫ್ಯೂರಿಕ್ ಆಸಿಡ್‌ಗೆ ಹೆಚ್ಚು ಹೊತ್ತು ತಡೆಯುವುದಿಲ್ಲ. ಸಿಡಿದ ಕೂಡಲೇ ತೆಗೆದು, ಕೈ ತೊಳೆದು, ಹೊಸದು ಹಾಕಿ. ಗ್ಲೌಸ್ ಕೈಯಲ್ಲಿ ಬಾಗಿಲ ಹಿಡಿ, ಮೊಬೈಲ್, ಮೂಗು ಮುಟ್ಟಬೇಡಿ.

ಮೊದಲ ದಿನ

ಮೊದಲ ದಿನ ಪ್ರಯೋಗ ಬೇಡ. ಐದು ಜಾಗ ಹುಡುಕಿ: ಹೊರಗೆ ಹೋಗುವ ಎರಡು ದಾರಿ, ಬೆಂಕಿ ಆರಿಸುವ ಸಿಲಿಂಡರ್, ಕಣ್ಣು ತೊಳೆಯುವ ನಲ್ಲಿ, ಸೇಫ್ಟಿ ಶವರ್, ಕರೆಂಟಿನ ಮೇನ್ ಸ್ವಿಚ್. ಆಮೇಲೆ ಗೆಳೆಯರೊಬ್ಬರನ್ನು ಪಕ್ಕದಲ್ಲಿ ನಿಲ್ಲಿಸಿ, ಕಣ್ಣು ಮುಚ್ಚಿಕೊಂಡು ನಿಮ್ಮ ಮೇಜಿನಿಂದ ಕಣ್ಣು ತೊಳೆಯುವ ನಲ್ಲಿಯವರೆಗೆ ನಡೆಯಿರಿ. ಹತ್ತು ಸೆಕೆಂಡಿನಲ್ಲಿ ತಲುಪಬೇಕು. ನಡುವೆ ಸ್ಟೂಲ್ ಎಡವಿದರೆ ಆ ಸ್ಟೂಲಿನ ಜಾಗ ಬದಲಿಸಿ. ನಗು ಬರುವ ಆಟವೇ, ಆದರೆ ಆಸಿಡ್ ಬಿದ್ದ ಕಣ್ಣು ತೆರೆಯುವುದಿಲ್ಲ.

ನಲ್ಲಿಯನ್ನೂ ತಿರುಗಿಸಿ ನೋಡಿ. ನಾನು ಕಂಡ ಒಂದು ಲ್ಯಾಬಿನಲ್ಲಿ ಅದರೊಳಗಿಂದ ತುಕ್ಕು ನೀರು ಬಂತು, ಹಿಂದೆಯೇ ಒಂದು ಸತ್ತ ಜಿರಳೆ.

ಬಾಟಲಿ ಓದುವುದು

ಬಾಟಲಿಯ ಮೇಲಿನ ಕೆಂಪು ಅಂಚಿನ ವಜ್ರಾಕಾರದ ಚಿತ್ರಗಳು ಒಟ್ಟು ಒಂಬತ್ತು. ಬೆಂಕಿ ಅಂದರೆ ಉರಿಯುತ್ತದೆ, ತಲೆಬುರುಡೆ ಅಂದರೆ ಸ್ವಲ್ಪವೇ ಒಳಗೆ ಹೋದರೂ ವಿಷ. ಇವೆರಡು ಎಲ್ಲರಿಗೂ ಅರ್ಥವಾಗುತ್ತವೆ. ವೃತ್ತದ ಮೇಲೆ ಜ್ವಾಲೆ ಇರುವುದು ಗೊಂದಲ ಮಾಡುತ್ತದೆ. ಅದು ತಾನು ಉರಿಯುವುದಕ್ಕಿಂತ ಬೇರೆಯದನ್ನು ಉರಿಸುವ ವಸ್ತು. ಎದೆಯಲ್ಲಿ ನಕ್ಷತ್ರ ಒಡೆದಂತಿರುವ ಮನುಷ್ಯನ ಚಿತ್ರ ನಿಧಾನವಾಗಿ ಕಾಡುವ ರೋಗಕ್ಕೆ, ಕ್ಯಾನ್ಸರ್ ಕೂಡ ಅದರಲ್ಲಿ ಬರುತ್ತದೆ.

ಪ್ರತಿ ರಾಸಾಯನಿಕಕ್ಕೂ ಸುರಕ್ಷತಾ ಮಾಹಿತಿ ಪತ್ರ ಇರುತ್ತದೆ, ಹದಿನಾರು ಭಾಗ. ಅಷ್ಟೂ ಓದುವವರನ್ನು ನಾನು ನೋಡಿಲ್ಲ. ನಾಲ್ಕನೇ ಭಾಗ ಪ್ರಥಮ ಚಿಕಿತ್ಸೆ, ಏಳನೆಯದು ಬಳಸುವ ಮತ್ತು ಇಡುವ ರೀತಿ, ಎಂಟನೆಯದು ಯಾವ ಗ್ಲೌಸ್, ಯಾವ ಮಾಸ್ಕ್. ಈ ಮೂರು ಓದಿ, ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ನಾಲ್ಕು ಸಾಲು ಬರೆದುಕೊಳ್ಳಿ. ಕನ್ನಡದಲ್ಲಿ ಬರೆಯಲು ಆಗದಿದ್ದರೆ ಅರ್ಥ ಆಗಿಲ್ಲ ಅಂತಲೇ ಲೆಕ್ಕ. ಹೋಗಿ ಕೇಳಿ.

ಹೆಸರಿಲ್ಲದ ಬಾಟಲಿ ಮುಟ್ಟಬೇಡಿ, ಮೂಸಬೇಡಿ. ನೀರಿನ ಹಳೇ ಬಾಟಲಿಗೆ ದ್ರಾವಣ ತುಂಬಿಡುವ ಚಾಳಿ ಯಾರದಾದರೂ ಕಂಡರೆ ಧೈರ್ಯವಾಗಿ ಹೇಳಿ.

ಒಂದು ಪ್ರಯೋಗ, ಹತ್ತಿರದಿಂದ

ನಮ್ಮ ಮಕ್ಕಳ ಪ್ರಾಜೆಕ್ಟ್‌ಗಳಲ್ಲಿ ತೋಟದ ಮಣ್ಣು ಬಂದೇ ಬರುತ್ತದೆ. ನೆರಳಿರುವ ತೋಟ, ನೆರಳಿಲ್ಲದ ತೋಟ, ಎರಡರ ಮಣ್ಣಿನಲ್ಲಿ ಸಾವಯವ ಇಂಗಾಲ ಎಷ್ಟು? ಇದಕ್ಕೆ ಎಲ್ಲ ಕಡೆ ಬಳಸುವುದು ವಾಕ್ಲಿ-ಬ್ಲ್ಯಾಕ್ ವಿಧಾನ. ದಾರದ ಹುಡುಗ ಮಾಡುತ್ತಿದ್ದುದೂ ಇದನ್ನೇ.

ಸೋಸಿದ ಒಂದು ಗ್ರಾಂ ಮಣ್ಣು, 500 ಮಿ.ಲೀ. ಕೋನಿಕಲ್ ಫ್ಲಾಸ್ಕ್. ಅದಕ್ಕೆ 10 ಮಿ.ಲೀ. ಪೊಟ್ಯಾಸಿಯಂ ಡೈಕ್ರೋಮೇಟ್ ದ್ರಾವಣ. ನೋಡಲು ಕಿತ್ತಳೆ ಶರಬತ್ತು, ಆದರೆ ಕ್ಯಾನ್ಸರ್ ತರುವ ವಸ್ತು. ಪುಡಿ ತೂಗುವ ಕೆಲಸ ಲ್ಯಾಬಿನವರಿಗೆ ಬಿಡಿ. ಪಿಪೆಟ್ಟಿಗೆ ರಬ್ಬರ್ ಬಲ್ಬ್ ಹಾಕಿ ಎಳೆಯಿರಿ. ಬಾಯಿಯಿಂದ ಎಳೆಯುವುದನ್ನು ಹಳೇ ಕಾಲದ ಮೇಷ್ಟ್ರು ಯಾರಾದರೂ ತೋರಿಸಿದರೆ ನಮಸ್ಕಾರ ಹೇಳಿ ಬಲ್ಬ್ ಕೇಳಿ.

ಮುಂದಿನದು 20 ಮಿ.ಲೀ. ಗಟ್ಟಿ ಸಲ್ಫ್ಯೂರಿಕ್ ಆಸಿಡ್. ಇದು ಫ್ಯೂಮ್ ಹುಡ್ ಒಳಗೆ, ಅಂದರೆ ಫ್ಯಾನಿನಿಂದ ಹೊಗೆಯನ್ನು ಹೊರಗೆಳೆಯುವ ಗಾಜಿನ ಪರದೆಯ ಗೂಡಿನೊಳಗೆ. ಗಾಜಿನ ಪರದೆ ನಿಮ್ಮ ಮುಖಕ್ಕಿಂತ ಕೆಳಗೆ ಬರಲಿ, ಫ್ಲಾಸ್ಕ್ ಅಂಚಿನಿಂದ ಒಂದು ಗೇಣು ಒಳಗಿರಲಿ, ತಲೆ ಹೊರಗಿರಲಿ. ಆಸಿಡ್ ಬಿದ್ದ ಕೂಡಲೇ ಫ್ಲಾಸ್ಕ್ ತಾನಾಗಿ ಕಾಯುತ್ತದೆ, ಸುಮಾರು 120 ಡಿಗ್ರಿಯವರೆಗೆ. ಕೆಳಗೆ ಬೆಂಕಿ ಇಲ್ಲ, ಹಾಟ್‌ಪ್ಲೇಟ್ ಇಲ್ಲ, ಆದ್ದರಿಂದ ಮಕ್ಕಳು ಬರಿಗೈಯಲ್ಲಿ ಹಿಡಿಯುತ್ತಾರೆ. ಬಿಸಿ ಗಾಜು ತಣ್ಣನೆ ಗಾಜಿನ ಹಾಗೇ ಕಾಣುತ್ತದೆ. ಫ್ಲಾಸ್ಕಿನ ಬಾಯಿ ಗೋಡೆಯ ಕಡೆ ಇರಲಿ, ಕುತ್ತಿಗೆ ಹಿಡಿದು ಮೆಲ್ಲಗೆ ತಿರುಗಿಸಿ, ಒಣ ಹಲಗೆಯ ಮೇಲಿಟ್ಟು ಅರ್ಧ ಗಂಟೆ ಬಿಡಿ.

ಈಗ ಒಂದು ತಮಾಷೆ. ಆಸಿಡ್‌ಗೆ ನೀರು ಸುರಿಯಬಾರದು, ನೀರಿಗೆ ಆಸಿಡ್ ಸುರಿಯಬೇಕು ಅಂತ ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ್ದೀರಿ. ಆದರೆ ಈ ವಿಧಾನದಲ್ಲಿ ಮುಂದಿನ ಸಾಲು '200 ಮಿ.ಲೀ. ನೀರು ಸೇರಿಸಿ' ಅನ್ನುತ್ತದೆ, ಅದೂ ಆಸಿಡ್ ಇರುವ ಫ್ಲಾಸ್ಕಿಗೆ! ಒಂದು ಹುಡುಗಿ ಇದನ್ನು ಹಿಡಿದು 'ಮೇಡಂ, ಪುಸ್ತಕ ತಪ್ಪಾ?' ಎಂದು ಕೇಳಿದಳು. ಅವತ್ತು ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಪುಸ್ತಕ ತಪ್ಪಲ್ಲ. ಆಸಿಡ್ ಆಗಲೇ ಡೈಕ್ರೋಮೇಟ್ ದ್ರಾವಣದ ನೀರಿನ ಜೊತೆ ಬೆರೆತು, ಅದರ ಬಿಸಿ ಹೊರಬಂದು, ಅರ್ಧ ಗಂಟೆ ತಣಿದಿದೆ. ಆ ಅರ್ಧ ಗಂಟೆಯನ್ನು ಹತ್ತು ನಿಮಿಷಕ್ಕೆ ಇಳಿಸಿದರೆ ಮಾತ್ರ ಸಿಡಿಯುತ್ತದೆ. ದಾರದ ಹುಡುಗ ಮಾಡಿದ್ದು ಅದನ್ನೇ. ನೀರನ್ನು ಫ್ಲಾಸ್ಕಿನ ಗೋಡೆಗುಂಟ ನಿಧಾನವಾಗಿ ಇಳಿಸಿ.

ಮುಗಿದ ಮೇಲೆ ಉಳಿಯುವ ಹಸಿರು ದ್ರಾವಣ ಸಿಂಕಿಗೆ ಹೋಗಬಾರದು. ಕ್ರೋಮಿಯಂ ತ್ಯಾಜ್ಯ ಅಂತ ಬರೆದ ಕ್ಯಾನಿಗೆ. ಸಿಂಕಿನ ನೀರು ಎಲ್ಲಿಗೆ ಹೋಗುತ್ತದೆ? ತೋಡಿಗೆ. ತೋಡು ಹೊಳೆಗೆ. ಹೊಳೆ ಎಲ್ಲಿಗೆ ಅಂತ ಕೊಡಗಿನವರಿಗೆ ಹೇಳಿಕೊಡಬೇಕಾ?

ಚಳಿ ನೈಟ್ರೋಜನ್, ಕುಕ್ಕರ್, ಬೂಷ್ಟು

ಕಾಫಿ ಎಲೆಯಿಂದ ಡಿಎನ್‌ಎ ತೆಗೆಯಲು ದ್ರವ ನೈಟ್ರೋಜನ್ ಹಾಕಿ ಅರೆಯುತ್ತಾರೆ. ಅದು ಮೈನಸ್ 196 ಡಿಗ್ರಿ. ಒಂದು ಲೀಟರ್ ಆವಿಯಾದರೆ ಸುಮಾರು 700 ಲೀಟರ್ ಅನಿಲ, ಅಷ್ಟು ಜಾಗದ ಉಸಿರಾಡುವ ಗಾಳಿಯನ್ನು ಅದು ತಳ್ಳುತ್ತದೆ. ಇದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಕ್ಯಾನನ್ನು ಯಾರಾದರೂ ಕಾರಿನಲ್ಲಿ ಹಿಂದಿನ ಸೀಟಿಗೆ ಇಟ್ಟು, ಮಳೆ ಅಂತ ಗ್ಲಾಸ್ ಏರಿಸಿ ಘಾಟಿ ಹತ್ತುತ್ತೇವೆ ಅಂದರೆ ನೀವು ಆ ಕಾರು ಹತ್ತಬೇಡಿ. ಮುಚ್ಚಳ ಬಿಗಿಯಾದ ಡಬ್ಬಿಗೆ ತುಂಬಿದರೆ ಅದು ಬಾಂಬ್.

ಆಟೋಕ್ಲೇವ್ ಎಂದರೆ ದೊಡ್ಡ ಪ್ರೆಷರ್ ಕುಕ್ಕರ್. 121 ಡಿಗ್ರಿ, 15 ಪೌಂಡ್ ಒತ್ತಡ. ಮುಳ್ಳು ಸೊನ್ನೆಗೆ ಬರುವವರೆಗೆ ಮುಚ್ಚಳ ಮುಟ್ಟುವಂತಿಲ್ಲ. ಬಾಟಲಿಗಳ ಮುಚ್ಚಳ ಸಡಿಲ ಇರಲಿ. ಮನೆಯಲ್ಲಿ ಅಮ್ಮ ಕುಕ್ಕರ್ ವಿಷಲ್ ಎತ್ತಿ ಆವಿ ಬಿಡುವುದನ್ನು ಇಲ್ಲಿ ಮಾಡಿದರೆ ಒಳಗಿನ ದ್ರಾವಣ ಉಕ್ಕಿ ಮೇಲೆ ಬರುತ್ತದೆ.

ಲ್ಯಾಮಿನಾರ್ ಫ್ಲೋದಲ್ಲಿ, ಅಂದರೆ ಸೋಸಿದ ಗಾಳಿ ಬೀಸುವ ಮೇಜಿನಲ್ಲಿ, ಶೇ. 70ರ ಆಲ್ಕೋಹಾಲ್ ಒರೆಸಿ, ಒಣಗುವ ಮೊದಲೇ ಸ್ಪಿರಿಟ್ ದೀಪ ಹಚ್ಚುವುದು ಮಕ್ಕಳ ಮಾಮೂಲಿ ತಪ್ಪು. ಆಲ್ಕೋಹಾಲ್ ಜ್ವಾಲೆ ಬೆಳಕಿನಲ್ಲಿ ಸರಿಯಾಗಿ ಕಾಣುವುದೂ ಇಲ್ಲ. ಕೈಗೆ ಸ್ಯಾನಿಟೈಸರ್ ಹಚ್ಚಿದ್ದರೂ ಪೂರ್ತಿ ಆರಲಿ.

ಕೊಳೆರೋಗದ ಎಲೆ ತಂದು ಪ್ಲೇಟಿನಲ್ಲಿ ಬೆಳೆಸುತ್ತೀರಿ ಅನ್ನಿ. ಆ ಶಿಲೀಂಧ್ರ ಗಿಡದ ರೋಗ, ನಿಮಗೆ ಬರುವುದಿಲ್ಲ. ಆದರೆ ಪ್ಲೇಟಿನಲ್ಲಿ ಅದರ ಜೊತೆ ಇನ್ನೇನು ಬೆಳೆದಿದೆಯೋ ಗೊತ್ತಿಲ್ಲ. ಮುಚ್ಚಳಕ್ಕೆ ಟೇಪ್ ಸುತ್ತಿ, ಹೊರಗಿನಿಂದಲೇ ನೋಡಿ, ಆಟೋಕ್ಲೇವ್ ಮಾಡಿಸಿ ಎಸೆಯಿರಿ. ಕರಿಮೆಣಸಿನ ಸೊರಗು ರೋಗದ ಮಣ್ಣು ತಂದವರು ಶೂ ತೊಳೆಯದೆ ಸ್ವಂತ ತೋಟಕ್ಕೆ ಇಳಿಯಬೇಡಿ. ಆ ರೋಗ ಮಣ್ಣಿನ ಜೊತೆ ನಡೆದು ಬರುತ್ತದೆ. ಹೀಗೆ ಬಳ್ಳಿ ಕಳೆದುಕೊಂಡರೆ ಅಪ್ಪ ನಿಮ್ಮನ್ನು ಯಾವ ಲ್ಯಾಬಿಗೂ ಕಳಿಸುವುದಿಲ್ಲ.

ಕರೆಂಟ್ ಹೋದಾಗ, ಬಸ್ ಬರುವಾಗ

ಜುಲೈನಲ್ಲಿ ಮರ ಬಿದ್ದು ಕರೆಂಟ್ ಹೋಗುವುದು ನಮಗೆ ಸುದ್ದಿಯೇ ಅಲ್ಲ. ಲ್ಯಾಬಿನಲ್ಲಿ ಮಾತ್ರ ಅದು ದೊಡ್ಡ ಸುದ್ದಿ. ಫ್ಯೂಮ್ ಹುಡ್‌ನ ಫ್ಯಾನ್ ನಿಂತಿತು ಅಂದರೆ ಒಳಗಿನ ಹೊಗೆ ನಿಮ್ಮ ಕಡೆ ಬರುತ್ತದೆ. ಕತ್ತಲಲ್ಲಿ ಬಾಟಲಿ ಹುಡುಕಬೇಡಿ. ಕೈಯಲ್ಲಿರುವುದನ್ನು ಕೆಳಗಿಡಿ, ಹತ್ತಿರದ ಬಾಟಲಿ ಮುಚ್ಚಿ, ಹುಡ್ ಪರದೆ ಪೂರ್ತಿ ಇಳಿಸಿ, ಹಾಟ್‌ಪ್ಲೇಟ್ ಸ್ವಿಚ್ ಆರಿಸಿ, ಹೊರಗೆ ಬನ್ನಿ. ಸ್ವಿಚ್ ಮರೆತರೆ ಕರೆಂಟ್ ಬಂದಾಗ ಪ್ಲೇಟ್ ತಾನೇ ಕಾಯತೊಡಗುತ್ತದೆ, ನೀವು ಆಗ ಕ್ಯಾಂಟೀನಿನಲ್ಲಿ ಇರುತ್ತೀರಿ.

ಬಸ್ಸಿನ ವಿಷಯ ಯಾವ ಸುರಕ್ಷತಾ ಪುಸ್ತಕದಲ್ಲೂ ನಾನು ಓದಿಲ್ಲ. ನನ್ನ ಅನುಭವದಲ್ಲಿ ಅರ್ಧ ಎಡವಟ್ಟುಗಳು ಸಂಜೆ ಊರಿನ ಕಡೇ ಬಸ್ಸಿಗೆ ಮುಂಚಿನ ಅರ್ಧ ಗಂಟೆಯಲ್ಲಿ ಆಗಿವೆ. ಬಸ್ ತಪ್ಪಿದರೆ ಕತ್ತಲಲ್ಲಿ ಆನೆ ಓಡಾಡುವ ರಸ್ತೆ. ಅವಸರ ಸಹಜ. ಆದ್ದರಿಂದ ಬಸ್ಸಿಗೆ ಒಂದೂವರೆ ಗಂಟೆ ಇರುವಾಗ ಹೊಸದಾಗಿ ಏನನ್ನೂ ಶುರು ಮಾಡಬೇಡಿ. ಉಳಿದ ಹೊತ್ತು ತೊಳೆಯುವುದಕ್ಕೆ, ಬರೆಯುವುದಕ್ಕೆ. ಅರ್ಧಕ್ಕೆ ನಿಲ್ಲಿಸಬೇಕಾಗಿ ಬಂದರೆ ಹೇಗೆ ನಿಲ್ಲಿಸುವುದು ಅಂತ ಬೆಳಿಗ್ಗೆಯೇ ಕೇಳಿಟ್ಟುಕೊಳ್ಳಿ.

ಬಿದ್ದರೆ, ಸಿಡಿದರೆ

ಮೊದಲು ಕೂಗಿ. ಏನೆಂದು ಕೂಗುವುದು ಅಂತ ಯೋಚನೆ ಬೇಡ, 'ಅಕ್ಕಾ!' ಸಾಕು.

ಚರ್ಮಕ್ಕೆ ಬಿದ್ದರೆ ಹರಿಯುವ ನೀರು, ಕನಿಷ್ಠ ಹದಿನೈದು ನಿಮಿಷ, ಗಡಿಯಾರ ನೋಡಿಕೊಂಡು. ಗ್ಲೌಸ್, ವಾಚು, ದಾರ ಎಲ್ಲ ನೀರಿನ ಕೆಳಗೇ ತೆಗೆಯಿರಿ. ಆಸಿಡ್ ಗಾಯಕ್ಕೆ ಸೋಡಾ ಪುಡಿ ಹಾಕಬೇಡಿ. ಅರಿಶಿನ ಬೇಡ, ಟೂತ್‌ಪೇಸ್ಟ್ ಬೇಡ. ಕಾಫಿ ಪುಡಿ ಖಂಡಿತ ಬೇಡ. ತೋಟದಲ್ಲಿ ಕತ್ತಿ ತಾಗಿದರೆ ಕಾಫಿ ಪುಡಿ ಒತ್ತುವುದು ನಮ್ಮಲ್ಲಿ ರೂಢಿ, ಕೈ ತಾನಾಗಿ ಡಬ್ಬಿಯ ಕಡೆ ಹೋಗುತ್ತದೆ.

ಕಣ್ಣಿಗೆ ಬಿದ್ದರೂ ಹದಿನೈದು ನಿಮಿಷ. ರೆಪ್ಪೆಯನ್ನು ಬೆರಳಿನಿಂದ ಬಿಡಿಸಿ ಹಿಡಿಯಲು ಇನ್ನೊಬ್ಬರು ಬೇಕು.

ಮೈಮೇಲೆ ಚೆಲ್ಲಿದರೆ ಶವರ್ ಕೆಳಗೆ ನಿಂತು ಬಟ್ಟೆ ಬಿಚ್ಚಬೇಕು. ಇದನ್ನು ನೇರವಾಗಿ ಹೇಳುವವರು ಕಡಿಮೆ, ಆದ್ದರಿಂದ ನಾನೇ ಹೇಳುತ್ತೇನೆ. ಹದಿನಾರರ ಮಕ್ಕಳು ಎಲ್ಲರೆದುರು ಬಟ್ಟೆ ಬಿಚ್ಚುವುದಿಲ್ಲ. ಒದ್ದೆ ಬಟ್ಟೆಯಲ್ಲೇ ನಿಂತು ಸುಟ್ಟುಕೊಳ್ಳುತ್ತಾರೆ. ಶವರ್ ಪಕ್ಕದಲ್ಲಿ ಒಂದು ದೊಡ್ಡ ಬೆಡ್‌ಶೀಟ್ ಮತ್ತು ಒಂದು ಜೊತೆ ಸಡಿಲ ಬಟ್ಟೆ ನೇತುಹಾಕಿರಬೇಕು. ಚೆಲ್ಲಿದರೆ ಒಬ್ಬರು ಬೆಡ್‌ಶೀಟ್ ಅಡ್ಡ ಹಿಡಿಯುವುದು, ಉಳಿದವರೆಲ್ಲ ಹೊರಗೆ ಹೋಗುವುದು ಅಂತ ಮೊದಲ ದಿನವೇ ಮಾತಾಡಿಕೊಂಡಿರಿ. ನಿಮ್ಮ ಲ್ಯಾಬಿನಲ್ಲಿ ಇಲ್ಲದಿದ್ದರೆ ಮನೆಯಿಂದ ತಂದು ಹಾಕಿ.

ಬಟ್ಟೆಗೆ ಬೆಂಕಿ ಹತ್ತಿದರೆ ಓಡಬೇಡಿ. ಶವರ್ ಹತ್ತಿರವಿದ್ದರೆ ಅದರ ಕೆಳಗೆ, ಇಲ್ಲವಾದರೆ ನೆಲದಲ್ಲಿ ಉರುಳಿ. ಫೋನ್ ನಂಬರ್ 112, ಆಂಬ್ಯುಲೆನ್ಸ್‌ಗೆ 108. ನೆಟ್‌ವರ್ಕ್ ಸಿಗದ ಕಟ್ಟಡಗಳು ನಮ್ಮಲ್ಲಿ ಬೇಕಾದಷ್ಟಿವೆ. ಸಿಗ್ನಲ್ ಯಾವ ಕಿಟಕಿ ಹತ್ತಿರ ಅಂತ ಮೊದಲೇ ನೋಡಿಡಿ. ಆಸ್ಪತ್ರೆಗೆ ಹೋಗುವವರ ಜೊತೆ ಬಾಟಲಿಯ ಲೇಬಲ್‌ನ ಫೋಟೋ ಹೋಗಲಿ.

ಆಮೇಲೆ ಬರೆಯಿರಿ. ಏನೂ ಆಗದೆ ಸ್ವಲ್ಪದರಲ್ಲಿ ತಪ್ಪಿದ್ದನ್ನೂ ಬರೆಯಿರಿ. ನಮ್ಮಲ್ಲಿ ಅದಕ್ಕೆಂದೇ ಒಂದು ಇನ್ನೂರು ಪುಟದ ನೋಟ್‌ಬುಕ್ ಇತ್ತು, ಹೆಸರು ಹಾಕುವ ಹಾಗಿರಲಿಲ್ಲ. ಮೊದಲ ಪುಟದಲ್ಲಿ ನಾನೇ ನನ್ನ ಒಂದು ಎಡವಟ್ಟು ಬರೆದಿಟ್ಟಿದ್ದೆ: ಬಿಸಿ ಕ್ರೂಸಿಬಲ್ ಅನ್ನು ಬರಿಗೈಯಲ್ಲಿ ಎತ್ತಿದ್ದು. ಅದನ್ನು ಓದಿದ ಮೇಲೆ ಮಕ್ಕಳು ಬರೆಯತೊಡಗಿದರು. ಮೂರನೇ ಪುಟದಲ್ಲಿ ದಾರದ ಹುಡುಗ ತನ್ನದನ್ನು ಬರೆದ, ಹೆಸರನ್ನೂ ಹಾಕಿದ. ಅವನು ಮರುದಿನವೂ ಬಂದಿದ್ದ, ಪ್ರಾಜೆಕ್ಟ್ ಮುಗಿಸಿಯೇ ಹೋದ.

ಹೊರಡುವಾಗ

ಗ್ಲೌಸ್ ಒಳಗಿನದು ಹೊರಗೆ ಬರುವಂತೆ ತೆಗೆಯಿರಿ. ಸೋಪಿನಲ್ಲಿ ಕೈ ತೊಳೆಯಿರಿ, ಆಮೇಲೆ ಕ್ಯಾಂಟೀನ್. ಒಳಗೆ ಕಾಫಿ ಲೋಟ, ಚೂಯಿಂಗ್ ಗಮ್, ಲಿಪ್ ಬಾಮ್ ಯಾವುದೂ ಇಲ್ಲ. ರಾಸಾಯನಿಕದ ಫ್ರಿಜ್‌ನಲ್ಲಿ ಟಿಫಿನ್ ಇಡುವವರನ್ನು ಕಂಡರೆ ನನಗೆ ಹೇಳಿಕಳಿಸಿ.

ಕೋಟ್ ಮನೆಗೆ ತರಬೇಡಿ. ತಂದರೆ ಅದು ಎಲ್ಲರ ಬಟ್ಟೆಯ ಜೊತೆ ಒಂದೇ ಬಕೆಟ್ಟಿಗೆ ಬೀಳುತ್ತದೆ. ಮಳೆಗಾಲದಲ್ಲಿ ಒಣಗದೆ ಅಡುಗೆಮನೆ ಒಲೆಯ ಮೇಲಿನ ಹಗ್ಗಕ್ಕೂ ಏರುತ್ತದೆ. ಲ್ಯಾಬಿನಲ್ಲೇ ಮೊಳೆಗೆ ನೇತುಹಾಕಿ, ವಾರಕ್ಕೊಮ್ಮೆ ಅಲ್ಲೇ ಬೇರೆಯಾಗಿ ಒಗೆಯಿರಿ.